ಮೊಹರು ಮುರಿದಿರಲಿಲ್ಲ

ಬೇಸ್‌ಬಾಲ್ ಆಟವನ್ನು ನಮ್ಮ ಕಾಲೇಜಿನ ಮೈದಾನದಲ್ಲಿ ಯಾರೂ ಆಡಿದುದನ್ನು ನಾನು ಕಂಡಿಲ್ಲ. ದೈಹಿಕ ಶಿಕ್ಷಣದ ಕೋಣೆಯಲ್ಲಿ ಕ್ರಿಕೆಟ್ಟಿನ ಬ್ಯಾಟುಗಳಿವೆ, ವಾಲಿಬಾಲಿನ ಬಲೆಯಿದೆ, ಮೂಲೆಯಲ್ಲಿ ತುಕ್ಕು ಹಿಡಿದ ಗುಂಡೊಂದಿದೆ. ಬೇಸ್‌ಬಾಲಿನ ದುಂಡನೆಯ ದಾಂಡು ಮಾತ್ರ ಇಲ್ಲ. ಹೀಗಿರುವಾಗ ಆ ಆಟದ ವಿಷಯವನ್ನು, ಅದರಲ್ಲಿಯೂ ಅಲ್ಲಿಯ ಆಟಗಾರರ ಮೂತ್ರಪರೀಕ್ಷೆಯ ವಿಷಯವನ್ನು, ವಾರ್ಷಿಕ ಸಂಚಿಕೆಗೆ ಬರೆದು ಕೊಟ್ಟರೆ ಸಂಪಾದಕ ಮಂಡಲಿಯವರು ಹುಬ್ಬೇರಿಸುವುದು ಸಹಜವೇ. ಕಳೆದ ವರ್ಷ ಕೊಡೆಯನ್ನು ಕುರಿತು ಬರೆದುಕೊಟ್ಟಿದ್ದೆ. ಆಗ ಯಾರೂ ಏನೂ ಅನ್ನಲಿಲ್ಲ. ಈ ಸಲ ವಾಚಕರು ಸ್ವಲ್ಪ ಸಹಿಸಿಕೊಳ್ಳಬೇಕು.

ನನಗೆ ಈ ಆಟದ ಗಂಧ ತಗುಲಿದುದು ನಮ್ಮ ಭಾವನವರಿಂದ. ಸೋದರತ್ತೆಯ ಮಗ. ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು ಮಿಲ್ವಾಕಿ ಎಂಬ ಊರಿನಲ್ಲಿ ನೆಲೆಸಿದರು. ಆ ಊರು ಬೀರಿಗೆ ಪ್ರಸಿದ್ಧ. ಅಲ್ಲಿಯ ಬೇಸ್‌ಬಾಲ್ ತಂಡದ ಹೆಸರೂ ‘ಬ್ರೂವರ್ಸ್’, ಎಂದರೆ ಬೀರು ತಯಾರಿಸುವವರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ನಮ್ಮ ಭಾವನವರು ಆ ಹೆಸರನ್ನು ಎದೆಯ ಮೇಲೆ ಬರೆದ ಅಂಗಿ ತೊಟ್ಟು ಮೈದಾನಕ್ಕೆ ಹೋಗುತ್ತಿದ್ದರು. ನಮ್ಮ ಅತ್ತೆಗೆ ಇದರ ಅರ್ಥವನ್ನು ಇಂದಿಗೂ ಯಾರೂ ಹೇಳಿಲ್ಲ. ಭಾನುವಾರ ಬೆಳಗ್ಗೆ ಅವರ ಫೋನು ಬರುತ್ತಿತ್ತು. ಕ್ಷೇಮಸಮಾಚಾರ ಎರಡು ನಿಮಿಷ, ಆಮೇಲೆ ಬೇಸ್‌ಬಾಲು.

೨೦೧೧ರಲ್ಲಿ ಅವರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಆ ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದು ೧೯೮೨ರಿಂದ ಆಗಿದ್ದಿಲ್ಲ. ಆ ವರ್ಷ ಪಡೆಯಿತು. ಅದಕ್ಕೆ ಮುಖ್ಯ ಕಾರಣಪುರುಷನಾದವನು ರಯನ್ ಬ್ರಾನ್ ಎಂಬ ಯುವಕ. ೩೩ ಹೋಂ ರನ್ನುಗಳು, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತಗಳು. ಜೊತೆಗೆ ೩೩ ಸಲ ಬೇಸು ಕದ್ದ ಓಟ. ನವೆಂಬರಿನಲ್ಲಿ ಅವನಿಗೆ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಬಂದಿತು. ಭಾವನವರು ಆ ವಾರ ಎರಡು ಸಲ ಫೋನು ಮಾಡಿದರು.

ಡಿಸೆಂಬರಿನಲ್ಲಿ ಸುದ್ದಿ ಒಡೆಯಿತು. ಅಕ್ಟೋಬರ್ ೧ರಂದು ಬ್ರಾನ್ ಕೊಟ್ಟ ಮೂತ್ರದ ಮಾದರಿಯಲ್ಲಿ ನಿಷಿದ್ಧ ವಸ್ತು ಕಂಡುಬಂದಿದೆ; ೫೦ ಪಂದ್ಯಗಳ ನಿಷೇಧವಾಗಲಿದೆ; ಅವನು ಮೇಲ್ಮನವಿ ಹಾಕಿದ್ದಾನೆ. ಮೇಲ್ಮನವಿ ಮುಗಿಯುವ ತನಕ ಗುಟ್ಟಾಗಿರಬೇಕಾದ ಮಾತು ಅದು. ಗುಟ್ಟು ಹೇಗೆ ಹೊರಬಿತ್ತೆಂಬುದು ಬೇರೆಯ ಕಥೆ.

ಪರೀಕ್ಷೆಯ ಮರ್ಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಂಡಸಿನ ಶರೀರದಲ್ಲಿ ಟೆಸ್ಟೋಸ್ಟಿರೋನ್ ಎಂಬ ರಸ ತಾನಾಗಿಯೇ ಹುಟ್ಟುತ್ತದೆ. ಅದರ ಜೊತೆಗೆ ಎಪಿಟೆಸ್ಟೋಸ್ಟಿರೋನ್ ಎಂಬ ಅದರ ದಾಯಾದಿಯೂ ಹುಟ್ಟುತ್ತದೆ. ಸಾಮಾನ್ಯವಾಗಿ ಇವೆರಡೂ ಹೆಚ್ಚುಕಡಿಮೆ ಸರಿಸಮ. ಹೊರಗಿನಿಂದ ಟೆಸ್ಟೋಸ್ಟಿರೋನ್ ತೆಗೆದುಕೊಂಡವನಲ್ಲಿ ಒಂದು ಏರುತ್ತದೆ, ಮತ್ತೊಂದು ಏರುವುದಿಲ್ಲ. ಆದುದರಿಂದ ಇವುಗಳ ಪ್ರಮಾಣ ನಾಲ್ಕಕ್ಕೆ ಒಂದನ್ನು ದಾಟಿದರೆ ಸಂಶಯ. ಬ್ರಾನನ ಮಾದರಿಯಲ್ಲಿ ಅದು ಇಪ್ಪತ್ತಕ್ಕಿಂತ ಮೇಲಿತ್ತೆಂದು ಪತ್ರಿಕೆಗಳು ಬರೆದುವು. ಇಷ್ಟೇ ಅಲ್ಲ; ಇಂಗಾಲದ ಪರಮಾಣುಗಳನ್ನು ತೂಗಿ ನೋಡುವ ಇನ್ನೊಂದು ಪರೀಕ್ಷೆಯೂ ಉಂಟು. ಕಾರ್ಖಾನೆಯಲ್ಲಿ ಸೋಯಾ ಮೊದಲಾದ ಗಿಡಗಳ ಮೂಲದಿಂದ ತಯಾರಾದ ಟೆಸ್ಟೋಸ್ಟಿರೋನಿಗೂ ಮನುಷ್ಯನ ಮೈಯಲ್ಲಿ ಹುಟ್ಟಿದುದಕ್ಕೂ ಇಂಗಾಲದ ಗುರುತು ಬೇರೆ. ಇಂತಹ ಸೂಕ್ಷ್ಮವನ್ನು ಕಂಡುಹಿಡಿದವರ ಬುದ್ಧಿಗೆ ತಲೆಬಾಗಬೇಕು.

ಆದರೆ ತಕರಾರು ಎದ್ದುದು ಪ್ರಯೋಗಾಲಯದ ಒಳಗಲ್ಲ, ಹೊರಗೆ. ಅಂದು ಶನಿವಾರ. ಪಂದ್ಯ ಮುಗಿದ ಮೇಲೆ ಮಾದರಿ ಸಂಗ್ರಹಿಸುವವನು ಬ್ರಾನನಿಂದ ಮೂತ್ರವನ್ನು ಪಡೆದು, ಎರಡು ಸೀಸೆಗಳಿಗೆ ಹಂಚಿ, ಮೊಹರು ಮಾಡಿ, ಬ್ರಾನನ ರುಜು ತೆಗೆದುಕೊಂಡ. ನಿಯಮದ ಪ್ರಕಾರ, ಅಸಾಧಾರಣ ಸಂದರ್ಭವಿದ್ದ ಹೊರತು, ಅದೇ ದಿನವೇ ಮಾದರಿಯನ್ನು ಫೆಡೆಕ್ಸ್ ಎಂಬ ಖಾಸಗಿ ಟಪಾಲು ಸಂಸ್ಥೆಯ ಮೂಲಕ ಕಳುಹಿಸತಕ್ಕದ್ದು. ಮಾದರಿ ಹೋಗಬೇಕಾಗಿದ್ದುದು ಕೆನಡಾದ ಮಾಂಟ್ರಿಯಲ್ ನಗರದ ಪ್ರಯೋಗಾಲಯಕ್ಕೆ. ಶನಿವಾರ ಸಂಜೆ. ಮೈದಾನದ ಸುತ್ತ ಐವತ್ತು ಮೈಲಿಯೊಳಗೆ ಆ ದಿನವಾಗಲಿ ಭಾನುವಾರವಾಗಲಿ ಪೊಟ್ಟಣವನ್ನು ಮುಂದಕ್ಕೆ ಸಾಗಿಸುವ ಕಚೇರಿ ಒಂದೂ ಇರಲಿಲ್ಲವೆಂದು ಆ ಮನುಷ್ಯ ಆಮೇಲೆ ಹೇಳಿದ. ಮುಚ್ಚಿದ ಕಚೇರಿಯ ಕೌಂಟರಿನಲ್ಲಿ ಬಿಟ್ಟುಬರುವುದಕ್ಕಿಂತ ತನ್ನ ಬಳಿ ಇಟ್ಟುಕೊಳ್ಳುವುದು ಮೇಲೆಂದು, ತನಗೆ ಕೊಟ್ಟಿದ್ದ ಸೂಚನೆಯಂತೆ, ಮನೆಗೆ ಒಯ್ದು ನೆಲಮಾಳಿಗೆಯ ತನ್ನ ಆಫೀಸು ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟ. ಸೋಮವಾರ ಕಳುಹಿಸಿದ. ಒಟ್ಟು ಸುಮಾರು ೪೪ ಗಂಟೆ. ಮಾಂಟ್ರಿಯಲ್ಲಿಗೆ ಮುಟ್ಟಿದಾಗ ಮೊಹರುಗಳು ಮುರಿದಿರಲಿಲ್ಲ.

ಮೇಲ್ಮನವಿಯನ್ನು ಕೇಳಿದುದು ಮೂವರ ಪೀಠ: ಲೀಗಿನ ಕಡೆಯವರೊಬ್ಬರು, ಆಟಗಾರರ ಸಂಘದ ಕಡೆಯವರೊಬ್ಬರು, ನಡುವೆ ತಟಸ್ಥ ಪಂಚ. ಇಬ್ಬರ ಮತ ಮೊದಲೇ ಗೊತ್ತಿರುವುದರಿಂದ ನಿಜವಾದ ತೀರ್ಪು ಒಬ್ಬನದೇ. ಆ ಪಂಚನ ಹೆಸರು ಶ್ಯಾಮ್ ದಾಸ್. ಹೆಸರು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆನೆಂದು ಹೇಳುವುದಕ್ಕೆ ನಾಚಿಕೆಯೇನೂ ಇಲ್ಲ. ದೂರದ ಊರಿನಲ್ಲಿ ಪರಿಚಿತವೆನಿಸುವ ಹೆಸರು ಕೇಳಿದರೆ ಹಾಗೆಯೇ. ೨೦೧೨ರ ಫೆಬ್ರವರಿ ೨೩ರಂದು ತೀರ್ಪು ಹೊರಬಿತ್ತು: ಎರಡಕ್ಕೆ ಒಂದು ಮತದಿಂದ ನಿಷೇಧ ರದ್ದು. ಮಾದಕ ಪರೀಕ್ಷೆಯ ಫಲಿತಾಂಶವನ್ನು ಪ್ರಶ್ನಿಸಿ ಗೆದ್ದನೆಂದು ಹೊರಗಿನವರಿಗೆ ತಿಳಿದ ಮೊದಲ ಬೇಸ್‌ಬಾಲ್ ಆಟಗಾರ ಬ್ರಾನ್. ಲೀಗಿನವರು ಈ ತೀರ್ಪನ್ನು ತಾವು ತೀವ್ರವಾಗಿ ಒಪ್ಪುವುದಿಲ್ಲವೆಂದು ಸಾರಿದರು. ಮೇ ತಿಂಗಳಿನಲ್ಲಿ, ೧೯೯೯ರಿಂದ ಆ ಸ್ಥಾನದಲ್ಲಿದ್ದ ದಾಸರನ್ನು ಬಿಡಿಸಿಯೂ ಬಿಟ್ಟರು.

ಬ್ರಾನ್ ಗೆದ್ದು ಸುಮ್ಮನಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮರುದಿನ ಅವನು ಆರಿಜೋನಾದ ಮೈದಾನದಲ್ಲಿ ಪತ್ರಿಕೆಯವರನ್ನು ಕರೆದು ಮಾತಾಡಿದ. ಆ ವಸ್ತು ತನ್ನ ಮೈಯೊಳಗೆ ಎಂದೂ ಹೊಕ್ಕಿಲ್ಲವೆಂಬುದಕ್ಕೆ ಪ್ರಾಣವನ್ನೇ ಪಣವಿಡುವೆನೆಂದ. ಅಷ್ಟಕ್ಕೇ ನಿಲ್ಲಲಿಲ್ಲ. ಮಾದರಿ ಸಂಗ್ರಹಿಸಿದವನನ್ನು ಕುರಿತು, ಆ ೪೪ ಗಂಟೆಗಳನ್ನು ಕುರಿತು, ತಮಗೆ ಸಂಶಯ ಹುಟ್ಟಿಸುವಂತಹ ಅನೇಕ ಸಂಗತಿಗಳು ತಿಳಿದಿವೆಯೆಂದ. ಏನು ಸಂಗತಿ? ಹೇಳಲಿಲ್ಲ. ಹೇಳದೆ ಬಿಟ್ಟ ಮಾತಿಗೆ ಕಾಲು ಹೆಚ್ಚು.

ಆ ಸಂಗ್ರಾಹಕನ ಹೆಸರು ಆಗ ಊರೆಲ್ಲ ಪ್ರಚಾರವಾಯಿತು. ನಾನು ಇಲ್ಲಿ ಬರೆಯುವುದಿಲ್ಲ. ಅವನ ಹೆಸರನ್ನು ಜನ ಸಾಕಷ್ಟು ಬಳಸಿಯಾಗಿದೆ. ೨೦೦೫ರಿಂದ ಆರುನೂರಕ್ಕಿಂತ ಹೆಚ್ಚು ಮಾದರಿಗಳನ್ನು ಲೀಗಿಗಾಗಿ ಸಂಗ್ರಹಿಸಿದವನು. ಅದೇ ದಿನ ಇನ್ನಿಬ್ಬರು ಆಟಗಾರರ ಸೀಸೆಗಳೂ ಅದೇ ಡಬ್ಬದಲ್ಲಿದ್ದುವು. ಅವನು ವಕೀಲರ ಮೂಲಕ ಒಂದು ಹೇಳಿಕೆ ಕೊಟ್ಟ: ನಾನು ಯಾವುದನ್ನೂ ಮುಟ್ಟಲಿಲ್ಲ, ಬೇರೆಯವರಿಗೆ ಮುಟ್ಟಗೊಡಲೂ ಇಲ್ಲ ಎಂಬುದು ಅದರ ಸಾರ. ಭಾವನವರಿಗೆ ಇದು ನಗೆಯ ಮಾತಾಗಿ ಕಂಡಿತು. “ಮೂತ್ರದ ಸೀಸೆಯನ್ನು ಮನೆಗೆ ಒಯ್ಯುವವನನ್ನು ಏನೆನ್ನೋಣ ಮಾರಾಯ? ಮನೆಯಲ್ಲಿ ಎರಡು ದಿನ ಏನು ಮಾಡಿದನೋ ಯಾರು ಕಂಡವರು!” ಎಂದರು.

ನಾನು ಉತ್ತರ ಕೊಡಲಿಲ್ಲ. ಮಾತು ಬೇರೆ ಕಡೆ ಹೊರಳಿತು. ಆದರೆ ‘ಮನೆಗೆ ಒಯ್ದನಂತೆ’ ಎಂಬ ಮಾತು ನನಗೆ ಹೊಸದಾಗಿರಲಿಲ್ಲ.

ನಮ್ಮ ತಂದೆ ಮಲೆನಾಡಿನ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ತರರಾಗಿದ್ದರು. ಬ್ರಾಂಚ್ ಆಫೀಸೆಂದರೆ ಬೇರೆ ಕಟ್ಟಡವಿಲ್ಲ. ನಮ್ಮ ಮನೆಯ ಜಗಲಿಯ ಪಕ್ಕದ ಸಣ್ಣ ಕೋಣೆಯೇ ಆಫೀಸು. ಒಂದು ಮೇಜು, ಒಂದು ಮರದ ಪೆಟ್ಟಿಗೆ, ಹಿತ್ತಾಳೆಯ ತಕ್ಕಡಿ, ಅರಗು ಕರಗಿಸುವ ದೀಪ. ಹಾಲು ಕಾಯಿಸುವ ವಾಸನೆಯೂ ಅರಗಿನ ವಾಸನೆಯೂ ಬೆರೆತ ಗಾಳಿಯಲ್ಲಿ ನಾನು ಅಕ್ಷರ ಕಲಿತವನು. ನಾನು ಆರನೆಯ ತರಗತಿಯಲ್ಲಿದ್ದಾಗ ಊರಿನ ವ್ಯಾಪಾರಿಯೊಬ್ಬರಿಗೆ ವಿಮೆ ಮಾಡಿದ ಒಂದು ಲಕೋಟೆ ಬಂದಿತು. ಅವರು ಮದುವೆಗೆಂದು ಘಟ್ಟದ ಕೆಳಗೆ ಹೋಗಿದ್ದರು. ಎರಡು ರಾತ್ರಿ ಲಕೋಟೆ ಆ ಮರದ ಪೆಟ್ಟಿಗೆಯಲ್ಲಿ ಉಳಿಯಿತು. ಬಂದವರು ಮೊಹರುಗಳನ್ನು ನೋಡಿ, ರುಜು ಹಾಕಿ ಒಯ್ದರು. ಮರುದಿನ ಬಂದು, ಒಂದು ಜೊತೆ ವಾಲೆ ಇರಬೇಕಾಗಿತ್ತು, ಒಂದೇ ವಾಲೆ ಇದೆ ಎಂದರು.

ದೂರು ಹೋಯಿತು. ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ನ್ಯಾಯವಂತರು. ನಮ್ಮ ತಕ್ಕಡಿಯನ್ನು ಮುಟ್ಟದೆ ತಾವೇ ಬೇರೊಂದನ್ನು ತಂದಿದ್ದರು. ಲಕೋಟೆ, ಅರಗಿನ ತುಣುಕುಗಳು, ಒಳಗಿನ ಹತ್ತಿ, ಒಂದು ವಾಲೆ ಇವೆಲ್ಲವನ್ನೂ ಸೇರಿಸಿ ತೂಗಿದರು. ಕಳುಹಿಸಿದ ಊರಿನಲ್ಲಿ ಲಕೋಟೆಯ ಮೇಲೆ ಬರೆದಿದ್ದ ತೂಕಕ್ಕೆ ಸರಿಹೋಯಿತು. ಕಳುಹಿಸುವಾಗಲೇ ಒಂದು ವಾಲೆ ಇದ್ದಿತೆಂದು ಆದಂತಾಯಿತು. ಹಾಗೆಂದು ಬರೆದುಕೊಂಡು ಹೋದರು. ನಾಲ್ಕು ತಿಂಗಳಿನ ಮೇಲೆ, ತಪ್ಪಿಲ್ಲವೆಂದು ಕಾಗದ ಬಂದಿತು. ಅಷ್ಟರಲ್ಲಿ ಊರು ತನ್ನ ತೀರ್ಪನ್ನು ಕೊಟ್ಟಾಗಿತ್ತು. ಯಾರೂ ಕಳ್ಳನೆನ್ನಲಿಲ್ಲ. “ಎರಡು ರಾತ್ರಿ ಮನೆಯಲ್ಲೇ ಇಟ್ಟುಕೊಂಡಿದ್ದರಂತೆ” ಎಂದರು, ಅಷ್ಟೇ. ಆಫೀಸೇ ಮನೆಯಲ್ಲಿರುವಾಗ ಇನ್ನೆಲ್ಲಿ ಇಡಬೇಕೆಂದು ಯಾರೂ ಕೇಳಲಿಲ್ಲ. ಆ ವ್ಯಾಪಾರಿ ದೂರನ್ನು ಮರೆತು ಎಂದಿನಂತೆ ಸ್ಟಾಂಪು ಕೊಳ್ಳುವುದಕ್ಕೆ ಬರುತ್ತಿದ್ದರು. ತಂದೆ ಮಾತ್ರ ಆಮೇಲೆ, ಬೆಲೆಯುಳ್ಳ ವಸ್ತು ರಾತ್ರಿ ಉಳಿಯುವಂತಾದರೆ, ನೆರೆಮನೆಯ ಇಬ್ಬರನ್ನು ಕರೆದು ಮೊಹರು ತೋರಿಸಿ ಒಂದು ನೋಟುಬುಕ್ಕಿನಲ್ಲಿ ಅವರ ರುಜು ಹಾಕಿಸಿಕೊಳ್ಳುತ್ತಿದ್ದರು. ನಿವೃತ್ತಿಯ ದಿನದವರೆಗೂ ಹಾಗೆಯೇ ನಡೆಸಿದರು. ರುಜು ಹಾಕುವವರಿಗೆ ಕಾಫಿ ಮಾಡಿಕೊಟ್ಟು ನಮ್ಮ ತಾಯಿಗೆ ಸಾಕಾಗಿತ್ತು.

ಆದುದರಿಂದ ೨೦೧೨ರಲ್ಲಿ ನನ್ನ ಪಕ್ಷ ಯಾವುದೆಂದು ಹೇಳಬೇಕಾಗಿಲ್ಲ. ಪಕ್ಷಪಾತ ಬಿಟ್ಟು ಯೋಚಿಸಿದರೂ, ಬೆಚ್ಚನೆಯ ಕೋಣೆಯಲ್ಲಿ ಎರಡು ದಿನ ಇಟ್ಟ ಮೂತ್ರ ಕೆಡಬಹುದು, ಅದರಲ್ಲಿ ಕ್ರಿಮಿ ಬೆಳೆಯಬಹುದು. ಆದರೆ ಕಾರ್ಖಾನೆಯ ಗುರುತುಳ್ಳ ಟೆಸ್ಟೋಸ್ಟಿರೋನ್ ಅದರಲ್ಲಿ ತಾನಾಗಿ ಹುಟ್ಟಲಾರದು. ಹಾಗಾದರೆ ಉಳಿದುದು ಎರಡೇ ದಾರಿ. ಒಂದೋ ಬ್ರಾನ್ ಸುಳ್ಳಾಡುತ್ತಿದ್ದಾನೆ. ಇಲ್ಲವೋ ಆ ಸಂಗ್ರಾಹಕ ಮೊಹರು ಮುರಿಯದೆ ಸೀಸೆಯೊಳಗೆ ಔಷಧ ಬೆರೆಸಿದ ಇಂದ್ರಜಾಲಿಗ. ಭಾವನವರು ಎರಡನೆಯದನ್ನು ನಂಬಿದರು. ಪ್ರೀತಿಯಿದ್ದಲ್ಲಿ ಇಂದ್ರಜಾಲವನ್ನು ನಂಬುವುದು ಕಷ್ಟವಲ್ಲ.

೨೦೧೩ರ ಜನವರಿಯಲ್ಲಿ ಮಯಾಮಿಯ ಒಂದು ವಾರಪತ್ರಿಕೆ ಅಲ್ಲಿಯ ‘ಬಯೋಜೆನೆಸಿಸ್’ ಎಂಬ ಚಿಕಿತ್ಸಾಲಯದ ದಾಖಲೆಗಳನ್ನು ಬಯಲಿಗೆಳೆಯಿತು. ಆಟಗಾರರಿಗೆ ನಿಷಿದ್ಧ ಔಷಧ ಒದಗಿಸುತ್ತಿದ್ದ ಅಂಗಡಿ ಅದು. ಬ್ರಾನನ ಹೆಸರೂ ಆ ಚಿಕಿತ್ಸಾಲಯದ ಕಾಗದಗಳಲ್ಲಿ ಸಿಕ್ಕಿತು. ಜುಲೈ ೨೨ರಂದು ಅವನು ಆ ಋತುವಿನ ಉಳಿದ ೬೫ ಪಂದ್ಯಗಳ ನಿಷೇಧವನ್ನು ತಕರಾರಿಲ್ಲದೆ ಒಪ್ಪಿಕೊಂಡ. ಆಗಸ್ಟಿನಲ್ಲಿ ಒಂದು ಹೇಳಿಕೆ ಹೊರಡಿಸಿ, ೨೦೧೧ರ ಋತುವಿನ ಕೊನೆಯ ಭಾಗದಲ್ಲಿ ನೋವಿನ ಶಮನಕ್ಕೆಂದು ಒಂದು ಮುಲಾಮನ್ನೂ ಚಪ್ಪರಿಸುವ ಗುಳಿಗೆಯನ್ನೂ ಬಳಸಿದ್ದೆನೆಂದು ತಿಳಿಸಿದ. ಸಂಗ್ರಾಹಕನ ಕ್ಷಮೆಯನ್ನೂ ಕೇಳಿದ. ಆ ಭಾನುವಾರ ಭಾವನವರು ಫೋನಿನಲ್ಲಿ ಮಳೆಬೆಳೆಯ ವಿಷಯ ಬಹಳ ಹೊತ್ತು ವಿಚಾರಿಸಿದರು. ಮಿಲ್ವಾಕಿಯ ಅಭಿಮಾನಿಗಳು ಮಾತ್ರ ೨೦೧೪ರ ಮೊದಲ ಪಂದ್ಯದಲ್ಲಿ ಅವನನ್ನು ಎದ್ದು ನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಪ್ರಶಸ್ತಿಯೂ ಅವನ ಬಳಿಯೇ ಉಳಿಯಿತು.

ಇಲ್ಲಿಗೆ, ‘ನೋಡಿ, ಶ್ಯಾಮ್ ದಾಸರು ತಪ್ಪು ತೀರ್ಪು ಕೊಟ್ಟರು’ ಎನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಅವರ ಮುಂದೆ ಇದ್ದುದು ಬ್ರಾನ್ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯಲ್ಲ. ಲೀಗೂ ಸಂಘವೂ ಕೂಡಿ ಒಂದು ನಿಯಮ ಬರೆದಿದ್ದುವು: ಅದೇ ದಿನ ಕಳುಹಿಸತಕ್ಕದ್ದು. ಕಳುಹಿಸಲಿಲ್ಲ. ಶಿಕ್ಷಿಸುವ ಅಧಿಕಾರ ಆ ನಿಯಮಗಳಿಂದಲೇ ಹುಟ್ಟಿದ್ದು. ನಿಯಮವನ್ನು ತನಗೆ ಬೇಕಾದಾಗ ಸಡಿಲಿಸಿಕೊಳ್ಳುವ ಹಕ್ಕು ಶಿಕ್ಷಿಸುವವನಿಗೆ ಇಲ್ಲ. ರಾಜ್ಯಶಾಸ್ತ್ರದ ಪಾಠದಲ್ಲಿ ನಾನು ಇದನ್ನು ಪ್ರತಿವರ್ಷ ಹೇಳುತ್ತೇನೆ. ಹಿಂದಿನ ಬೆಂಚಿನವರೂ ಬ್ರಾನನ ಕಥೆ ಬಂದಾಗ ಮಾತ್ರ ತಲೆಯೆತ್ತುತ್ತಾರೆ. ಲೀಗಿನವರು ಪಂಚನನ್ನು ಬಿಡಿಸಿದರಷ್ಟೆ? ಅದರ ಮರುತಿಂಗಳೇ, ಮಾದರಿಯನ್ನು ಯಾವಾಗ ಟಪಾಲಿಗೆ ಕೊಡಬೇಕು, ಕೊಡುವ ತನಕ ಎಲ್ಲಿ ಹೇಗೆ ಇಡಬೇಕು ಎಂಬುದನ್ನು ಸಂಘದೊಡನೆ ಕುಳಿತು ಸ್ಪಷ್ಟವಾಗಿ ಬರೆದರು. ನಿಯಮ ಮಸುಕಾಗಿತ್ತೆಂದು ಒಪ್ಪಿಕೊಂಡ ಹಾಗಾಯಿತಲ್ಲವೆ? ನಮ್ಮ ತಂದೆಯ ನೋಟುಬುಕ್ಕಿನ ಕೆಲಸವೇ ಅದು, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಬ್ರಾನನಿಗೆ ವಕೀಲರಿದ್ದರು, ಸಂಘವಿತ್ತು, ಪೀಠವಿತ್ತು, ವಿಚಾರಣೆಯಿತ್ತು. ಸಂಗ್ರಾಹಕನ ಮೇಲೆ ಬಂದ ಆರೋಪಕ್ಕೆ ಪೀಠವೂ ಇಲ್ಲ, ತಕ್ಕಡಿ ತರುವ ಇನ್ಸ್‌ಪೆಕ್ಟರೂ ಇಲ್ಲ. ನಿಯಮದ ನೆರಳಿನಲ್ಲಿ ತಪ್ಪಿಸಿಕೊಂಡವನು ಆ ನೆರಳು ಸಾಲದೆಂದು ಇನ್ನೊಬ್ಬನನ್ನು ಬಿಸಿಲಿಗೆ ತಳ್ಳಿದ. ಗೆಲ್ಲುವುದಕ್ಕೆ ಅದು ಬೇಕಾಗಿಯೂ ಇರಲಿಲ್ಲ, ಗೆದ್ದಾಗಿತ್ತು.

ಹಾಗೆಂದು ಪ್ರಯೋಗಾಲಯದ ಮಾತನ್ನು ವೇದವಾಕ್ಯವೆಂದು ಒಪ್ಪಿಕೊಂಡರೆ ಅಲ್ಲಿಯೂ ಹಳ್ಳ ಉಂಟು. ೨೦೦೩ರಲ್ಲಿ ಲೀಗು ಮೊದಲ ಬಾರಿ ಎಲ್ಲರನ್ನೂ ಪರೀಕ್ಷಿಸಿದಾಗ, ಯಾರ ಹೆಸರೂ ಹೊರಬರುವುದಿಲ್ಲ, ಶೇಕಡಾ ೫ಕ್ಕಿಂತ ಹೆಚ್ಚು ಮಂದಿ ಸಿಕ್ಕಿದರೆ ಮುಂದೆ ಶಿಕ್ಷೆಯೊಡನೆ ಪರೀಕ್ಷೆ ನಡೆಯುತ್ತದೆ, ಇಷ್ಟೇ ಕರಾರು. ೨೦೦೪ರಲ್ಲಿ ಸರ್ಕಾರದ ಅಧಿಕಾರಿಗಳು ಹತ್ತು ಆಟಗಾರರ ದಾಖಲೆಗೆಂದು ವಾರಂಟು ತಂದು ಎಲ್ಲರದನ್ನೂ ಎತ್ತಿಕೊಂಡು ಹೋದರು. ನ್ಯಾಯಾಲಯ ಅದು ತಪ್ಪೆಂದಿತು. ಅಷ್ಟರಲ್ಲಿ ಹೆಸರುಗಳು ಒಂದೊಂದಾಗಿ ಸೋರಿದ್ದುವು. ೨೦೦೯ರಲ್ಲಿ ಬಾಸ್ಟನ್ ತಂಡದ ಡೇವಿಡ್ ಆರ್ಟಿಜ್‌ನ ಹೆಸರು ಬಂದಿತು. ಯಾವ ವಸ್ತುವಿಗೆ, ಎಷ್ಟು ಪ್ರಮಾಣಕ್ಕೆ ಎಂದು ಯಾರೂ ಹೇಳಲಿಲ್ಲ. ೨೦೧೬ರಲ್ಲಿ ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರೇ, ಆ ಪಟ್ಟಿಯ ಕೆಲವು ಫಲಿತಾಂಶಗಳು ನಿಜವಾಗಿ ದೋಷಸೂಚಕವೇ ಎಂಬುದರಲ್ಲಿ ವೈಜ್ಞಾನಿಕ ಸಂಶಯವಿತ್ತೆಂದರು. ಅಷ್ಟು ಹೇಳುವುದಕ್ಕೆ ಏಳು ವರ್ಷ ಹಿಡಿಯಿತು. ಇವರೇ ಬ್ರಾನನ ಪೀಠದಲ್ಲಿ ಲೀಗಿನ ಪರವಾಗಿ ಕುಳಿತಿದ್ದವರು.

ಇನ್ನೊಬ್ಬನ ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಕ್ರಿಸ್ ಕೊಲಾಬೆಲೊ ಎಂಬವನು. ಕಾಲೇಜು ಮುಗಿಸಿದಾಗ ಯಾವ ದೊಡ್ಡ ತಂಡವೂ ಅವನನ್ನು ಆರಿಸಲಿಲ್ಲ. ಏಳು ವರ್ಷ ಲೀಗಿನ ಹೊರಗೆ, ಸಣ್ಣ ಊರುಗಳ ಸ್ವತಂತ್ರ ತಂಡಗಳಲ್ಲಿ, ಅಲ್ಪ ಸಂಬಳಕ್ಕೆ ಆಡಿದ. ೨೦೧೩ರಲ್ಲಿ, ತನ್ನ ೨೯ನೆಯ ವಯಸ್ಸಿನಲ್ಲಿ, ಮೇಲಿನ ಲೀಗಿಗೆ ಕಾಲಿಟ್ಟ. ೨೦೧೫ರಲ್ಲಿ ಟೊರಾಂಟೊ ತಂಡಕ್ಕೆ .೩೨೧ ಸರಾಸರಿಯಲ್ಲಿ ಆಡಿದ, ಈ ಆಟದಲ್ಲಿ.೩೦೦ ದಾಟಿದವನೇ ಜಾಣ. ೨೦೧೬ರ ಏಪ್ರಿಲ್ ೨೨ರಂದು ಅವನಿಗೆ ೮೦ ಪಂದ್ಯಗಳ ನಿಷೇಧವಾಯಿತು. ಸಿಕ್ಕಿದುದು ಟ್ಯೂರಿನಬಾಲ್ ಎಂಬ ಸ್ಟಿರಾಯ್ಡಿನ ಅವಶೇಷ. ಹಿಂದೆ ಪೂರ್ವ ಜರ್ಮನಿಯವರು ತಮ್ಮ ಕ್ರೀಡಾಪಟುಗಳಿಗೆ ನುಂಗಿಸುತ್ತಿದ್ದ ಹಳೆಯ ಔಷಧ. ಅದರ ಬಹುಕಾಲ ಉಳಿಯುವ ಅವಶೇಷಗಳನ್ನು ಗುರುತಿಸುವ ವಿಧಾನ ೨೦೧೨ರ ಸುಮಾರಿಗೆ ಮಾಸ್ಕೋದ ಪ್ರಯೋಗಾಲಯದಿಂದ ಬಂದಿತು. ಆಮೇಲೆ ಎಲ್ಲ ಕಡೆಯೂ ಸಿಕ್ಕಿಬೀಳುವವರ ಸಂಖ್ಯೆ ಏರಿತು.

ಅಳತೆಯ ಸೂಕ್ಷ್ಮತೆ ಇಲ್ಲಿ ಪಿಕೋಗ್ರಾಮಿಗೆ ಇಳಿಯುತ್ತದೆ. ಪಿಕೋಗ್ರಾಮೆಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಅಲ್ಪವನ್ನು ಕಾಣುವ ಕಣ್ಣು ಬಂದಾಗ, ಅದು ಎಂದು ಒಳಹೊಕ್ಕಿತು, ಬೇಕೆಂದು ನುಂಗಿದುದೋ ಯಾವುದೋ ಪೋಷಕ ಪುಡಿಯಲ್ಲಿ ಬೆರೆತು ಬಂದುದೋ ಎಂಬುದನ್ನು ಆ ಕಣ್ಣು ಹೇಳಲಾರದು. ಕುಸ್ತಿ ಗುದ್ದಾಟಗಳನ್ನು ಬೆರೆಸಿದ ಯು.ಎಫ್.ಸಿ. ಪಂದ್ಯಗಳಲ್ಲಿ ೨೦೧೯ರಲ್ಲಿ ಇದೇ ಅವಶೇಷಕ್ಕೆ ಒಂದು ಕನಿಷ್ಠ ಮಿತಿಯನ್ನು ಗೊತ್ತುಮಾಡಿದರು. ಅದಕ್ಕಿಂತ ಕೆಳಗೆ ಸಿಕ್ಕಿದರೆ ಅಷ್ಟರಿಂದಲೇ ಶಿಕ್ಷೆಯಿಲ್ಲ. ಕೊಲಾಬೆಲೊನ ಕಾಲಕ್ಕೆ ಬೇಸ್‌ಬಾಲಿನಲ್ಲಿ ಅಂತಹ ವಿನಾಯಿತಿ ಅವನಿಗೆ ಸಿಕ್ಕಲಿಲ್ಲ. ತಾನು ತಿಳಿದು ಏನನ್ನೂ ತೆಗೆದುಕೊಂಡಿಲ್ಲವೆಂದು ಅಂದಿನಿಂದಲೂ ಹೇಳುತ್ತಲೇ ಬಂದಿದ್ದಾನೆ. ಬ್ರಾನನೂ ಹಾಗೆಯೇ ಹೇಳಿದ್ದನಷ್ಟೆ, ಪ್ರಾಣವನ್ನು ಪಣವಿಟ್ಟು? ಹೌದು. ಹಾಗೆ ಹೇಳುವವರೆಲ್ಲರ ಮಾತಿನ ಬೆಲೆಯನ್ನು ಬ್ರಾನನಂಥವರು ಇಳಿಸಿಬಿಟ್ಟಿದ್ದಾರೆ. ೨೦೦೫ರಲ್ಲಿ ರಫೇಲ್ ಪಾಲ್ಮೇರೊ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಬೆರಳು ಚಾಚಿ ತಾನೆಂದೂ ಸ್ಟಿರಾಯ್ಡ್ ಮುಟ್ಟಿಲ್ಲವೆಂದು ಪ್ರಮಾಣ ಮಾಡಿ, ಐದು ತಿಂಗಳೊಳಗೆ ನಿಷೇಧಕ್ಕೆ ಒಳಗಾದನು; ಯಾರೋ ಕೊಟ್ಟ ಬಿ-೧೨ ಜೀವಸತ್ವದ ಚುಚ್ಚುಮದ್ದಿನಲ್ಲಿ ಬೆರೆತಿರಬೇಕೆಂದನು. ಯಾರೂ ನಂಬಲಿಲ್ಲ. ನಂಬುವ ಶಕ್ತಿಯೂ ಖರ್ಚಾಗುವ ವಸ್ತು.

ಈ ವರ್ಷ ಅಂತಿಮ ಬಿ.ಎ. ತರಗತಿಯಲ್ಲಿ ಈ ಎರಡೂ ಕಥೆಗಳನ್ನು ಹೇಳಿ, ಕೊಲಾಬೆಲೊನ ವಿಷಯದಲ್ಲಿ ನೀವು ಪಂಚರಾಗಿದ್ದರೆ ಏನು ಮಾಡುವಿರೆಂದು ಕೇಳಿದೆ. ನಿಯಮ ಮುರಿದಿಲ್ಲ, ಮೊಹರು ಮುರಿದಿಲ್ಲ, ಲ್ಯಾಬು ತಪ್ಪಿಲ್ಲ; ಹಾಗಿದ್ದರೆ ಶಿಕ್ಷೆ ಕೊಡಲೇಬೇಕು ಸಾರ್ ಎಂದ ಒಬ್ಬ. ಕೊಡಬಹುದು, ಆದರೆ ಅವನನ್ನು ಮೋಸಗಾರ ಅನ್ನಬಾರದು ಎಂದಳು ಮುಂದಿನ ಬೆಂಚಿನ ಹುಡುಗಿ. ಎರಡೂ ಹೇಗೆ ಸಾಧ್ಯವೆಂದು ಅವರಿಬ್ಬರೂ ಗಂಟೆ ಹೊಡೆದ ಮೇಲೂ ವರಾಂಡದಲ್ಲಿ ನಿಂತು ಜಗಳವಾಡುತ್ತಿದ್ದರು.

ಕೊಲಾಬೆಲೊ ೨೦೧೬ರ ನಂತರ ಮೇಲಿನ ಲೀಗಿನಲ್ಲಿ ಮತ್ತೆ ಆಡಲಿಲ್ಲ. ೨೦೧೭ರಲ್ಲಿ ದೇಶದೇಶಗಳ ಪಂದ್ಯಾವಳಿಯಲ್ಲಿ ಇಟಲಿಯ ಪರವಾಗಿ ಆಡಿದ. ಅವನ ತಂದೆ ಹಿಂದೆ ಅಲ್ಲಿ ಚೆಂಡೆಸೆಯುತ್ತಿದ್ದವನು. ಬಾಲ್ಯದ ಕೆಲವು ವರ್ಷಗಳನ್ನು ಮಗ ಅಲ್ಲಿಯೇ ಕಳೆದಿದ್ದ.